ಯಾವ ಪಂಪ? ಒಂದೇ ಹೆಸರಿನ ಊರು, ಕವಿ, ಕಾವ್ಯಗಳನ್ನು ಬಿಡಿಸಿಕೊಳ್ಳುವ ಬಗೆ

ನವೆಂಬರ್ ಹತ್ತಿರ ಬಂತೆಂದರೆ ಒಂದೇ ಬಗೆಯ ಪ್ರಶ್ನೆಗಳು ಬರತೊಡಗುತ್ತವೆ. ‘ಪಂಪ ರಾಮಾಯಣ ಬರೆದದ್ದು ಪಂಪನೇ ಅಲ್ವಾ?’ ‘ಪಂಪಾ ಸರೋವರ ಇರುವುದು ಶಬರಿಮಲೆ ಹತ್ತಿರವಾ, ಹಂಪಿ ಹತ್ತಿರವಾ?’ ‘ಪಂಪ ಹಂಪಿಯವನಾ?’ ಕೇಳುವವರಲ್ಲಿ ಮಕ್ಕಳಿಂದ ಪ್ರಾಜೆಕ್ಟ್ ಮಾಡಿಸುವ ತಾಯಂದಿರಿದ್ದಾರೆ, ರಾಜ್ಯೋತ್ಸವದ ಕ್ವಿಜ್‌ಗೆ ಪ್ರಶ್ನೆ ಬರೆಯುವವರಿದ್ದಾರೆ, ಪರೀಕ್ಷೆಗೆ ಓದುವವರಿದ್ದಾರೆ. ವಿಕಿಪೀಡಿಯದಲ್ಲಿ ಮೊದಲ ಸಲ ಬರೆಯಲು ಕೂತ ಹುಡುಗ ಹುಡುಗಿಯರೂ ಇದ್ದಾರೆ.

ಒಂದೊಂದಕ್ಕೇ ಉತ್ತರ ಕೊಡುತ್ತಾ ಹೋಗಬಹುದು. ಆದರೆ ಇವತ್ತು ಪಂಪ, ನಾಳೆ ಹರಿಹರ, ನಾಡಿದ್ದು ಕಲ್ಯಾಣ. ಅದಕ್ಕೇ ಬಿಡಿಸುವ ಬಗೆಯನ್ನೇ ಇಲ್ಲಿ ಹೇಳುತ್ತಿದ್ದೇನೆ. ಉದಾಹರಣೆಗೆ ಪಂಪ ಎಂಬ ಹೆಸರನ್ನೇ ಮೊದಲಿಂದ ಕೊನೆಯವರೆಗೆ ಇಟ್ಟುಕೊಳ್ಳೋಣ. ಕನ್ನಡದಲ್ಲಿ ಇಷ್ಟು ಸಿಕ್ಕು ಹಾಕಿಕೊಂಡ ಹೆಸರು ಕಡಿಮೆ. ಇದನ್ನು ಬಿಡಿಸಿದವರಿಗೆ ಉಳಿದವು ಸುಲಭ.

ಶುರು ಮಾಡುವ ಮೊದಲೇ ಒಂದು ಮಾತು ತಲೆಯಲ್ಲಿರಲಿ. ಹೆಸರು ಒಂದೇ ಇದ್ದರೆ ಸಂಬಂಧ ಇದ್ದೇ ಇರುತ್ತದೆ ಎಂದೇನೂ ಇಲ್ಲ. ಸಂಬಂಧ ಇದೆ ಅನ್ನುವುದಕ್ಕೆ ಬೇರೆ ಆಧಾರ ಬೇಕು.

ಏನೇನು ಬೇಕು

ಜಾಸ್ತಿ ಏನೂ ಬೇಡ. ಒಂದು ನೋಟ್‌ಬುಕ್, ಒಂದು ಒಳ್ಳೆಯ ನಿಘಂಟು, ಜಿಲ್ಲೆ ತಾಲ್ಲೂಕು ತೋರಿಸುವ ಒಂದು ನಕ್ಷೆ ಸಾಕು. ನಿಘಂಟಿಗೆ ಕನ್ನಡ ಸಾಹಿತ್ಯ ಪರಿಷತ್ತಿನ 8 ಸಂಪುಟಗಳು ಗ್ರಂಥಾಲಯದಲ್ಲಿ ಸಿಗುತ್ತವೆ. 1894ರಲ್ಲಿ ಬಂದ ಕಿಟೆಲ್ ನಿಘಂಟು ಅಂತರ್ಜಾಲದಲ್ಲಿ ಉಚಿತವಾಗಿಯೇ ಇದೆ.

ಹಳೆಯ ಕವಿಗಳ ವಿಚಾರವಾದರೆ ಆರ್. ನರಸಿಂಹಾಚಾರ್ಯರ ‘ಕರ್ಣಾಟಕ ಕವಿಚರಿತೆ’ಯ 3 ಸಂಪುಟಗಳನ್ನು ನೋಡಿ. ಒಬ್ಬೊಬ್ಬ ಕವಿಯ ಕಾಲ, ಕೃತಿ, ಆಶ್ರಯ ಕೊಟ್ಟ ರಾಜ, ಎಲ್ಲವೂ ಬೇರೆ ಬೇರೆಯಾಗಿ ಇರುವುದರಿಂದ ಒಂದೇ ಹೆಸರಿನವರನ್ನು ಬಿಡಿಸಲು ಇಷ್ಟು ನೆರವಾಗುವ ಪುಸ್ತಕ ನನಗೆ ಇನ್ನೊಂದು ಗೊತ್ತಿಲ್ಲ.

ಹಂತ 1: ಹೆಸರನ್ನು ಎಷ್ಟು ಬಗೆಯಲ್ಲಿ ಬರೆಯುತ್ತಾರೆ, ಎಲ್ಲ ಬರೆದುಕೊಳ್ಳಿ

ಮೊದಲು ಅರ್ಥಕ್ಕೆ ಹೋಗಬೇಡಿ. ಸುಮ್ನೆ ಕಣ್ಣಿಗೆ ಬಿದ್ದ ರೂಪಗಳನ್ನೆಲ್ಲ ಒಂದರ ಕೆಳಗೊಂದು ಬರೆಯಿರಿ. ಪಂಪ, ಪಂಪಾ, ಪಂಪೆ, ಹಂಪೆ, ಹಂಪಿ, ಪಂಬಾ, ಪಂಪಾಸ್, ಪಂಪ್.

ಹಂಪಿ ಇಲ್ಲಿಗೆ ಯಾಕೆ ಬಂತು ಅನ್ನುತ್ತೀರಾ? ಹಳಗನ್ನಡದ ಎಷ್ಟೋ ಪದಗಳ ಮೊದಲಿದ್ದ ‘ಪ’ ಮುಂದೆ ‘ಹ’ ಆಯಿತು. ಪಾಲು ಹಾಲಾಯಿತು, ಪುಲಿ ಹುಲಿಯಾಯಿತು, ಪಳ್ಳಿ ಹಳ್ಳಿಯಾಯಿತು. ಹಾಗೆಯೇ ಪಂಪೆ ಹಂಪೆಯಾಯಿತು, ಆಡುಮಾತಿನಲ್ಲಿ ಹಂಪಿ. ಈ ಬದಲಾವಣೆ ಗೊತ್ತಿಲ್ಲದಿದ್ದರೆ ಪಟ್ಟಿಯಲ್ಲಿ ಇರಲೇಬೇಕಾದ ದೊಡ್ಡ ಹೆಸರೇ ಬಿಟ್ಟುಹೋಗುತ್ತದೆ.

ಪಂಬಾ ಎಂಬುದು ಕೇರಳದ ನದಿಯ ಹೆಸರು ಇಂಗ್ಲಿಷ್ ಮೂಲಕ ಕನ್ನಡಕ್ಕೆ ಬಂದಾಗ ಆಗುವ ರೂಪ. ಪತ್ರಿಕೆಗಳಲ್ಲಿ ಎರಡೂ ಕಾಣುತ್ತವೆ.

ಎಡವುವ ಜಾಗ: ಒಂದೇ ರೂಪ ಹಾಕಿ ಹುಡುಕಿ, ಬಂದದ್ದಷ್ಟೇ ಇರುವುದು ಎಂದುಕೊಳ್ಳುವುದು. ‘ಪಂಪ’ ಎಂದು ಹುಡುಕಿದವರಿಗೆ ‘ಹಂಪೆ’ಯ ಪುಟಗಳು ಬರುವುದಿಲ್ಲ.

ಹಂತ 2: ವಿಭಕ್ತಿಯನ್ನು ಕೇಳಿ

ವಿಭಕ್ತಿ ಎಂದರೆ ಹೆಸರಿನ ಕೊನೆಗೆ ಸೇರುವ ಉ, ಅನ್ನು, ಇಂದ, ಇಗೆ, ಅ, ಅಲ್ಲಿ. ಶಾಲೆಯಲ್ಲಿ ಬಾಯಿಪಾಠ ಮಾಡಿ ಮರೆತದ್ದು ಇಲ್ಲಿ ಕೆಲಸಕ್ಕೆ ಬರುತ್ತದೆ. ಹೆಸರು ಮನುಷ್ಯನದೋ, ನದಿಯದೋ, ಯಂತ್ರದ್ದೋ ಎಂಬುದನ್ನು ಕನ್ನಡ ಅಲ್ಲೇ ಹೇಳಿಬಿಡುತ್ತದೆ.

ಈ ಮೂರು ವಾಕ್ಯ ನೋಡಿ.

ಪಂಪನಿಗೆ ರಾಜನ ಗೆಳೆತನವಿತ್ತು.
ಪಂಪೆಗೆ ಪ್ರವಾಹ ಬಂದಿತ್ತು.
ಪಂಪಿಗೆ ಕರೆಂಟ್ ಬಂದಿಲ್ಲ.

ಮೊದಲನೆಯದು ಕವಿ. ಎರಡನೆಯದು ನದಿ. ಮೂರನೆಯದು ತೋಟದ ಬಾವಿ ಹತ್ತಿರ ಇರುವ ಪಂಪ್‌ಸೆಟ್. ಯಾರೂ ಗೊಂದಲ ಮಾಡಿಕೊಳ್ಳುವುದಿಲ್ಲ. ಪಂಪನ, ಪಂಪೆಯ, ಪಂಪಿನ ಎಂದು ಷಷ್ಠಿಯಲ್ಲಿ ಹೇಳಿ ನೋಡಿ, ಆಗಲೂ ಬೇರೆ ಬೇರೆಯೇ. ಹುಡುಕುವಾಗಲೂ ಇದನ್ನೇ ಬಳಸಿ. ‘ಪಂಪನ’ ಎಂದು ಹುಡುಕಿದರೆ ಹೆಚ್ಚುಪಾಲು ಕವಿಯೇ ಬರುತ್ತಾನೆ.

ತೊಂದರೆ ಶುರುವಾಗುವುದು ಸಮಾಸದಲ್ಲಿ. ಎರಡು ಪದ ಸೇರಿ ಒಂದಾದಾಗ ನಡುವಿನ ವಿಭಕ್ತಿ ಬಿದ್ದುಹೋಗುತ್ತದೆ, ಅದಕ್ಕೆ ಸಮಾಸ ಎನ್ನುತ್ತೇವೆ. ‘ಪಂಪ ಪ್ರಶಸ್ತಿ’, ‘ಪಂಪಾಕ್ಷೇತ್ರ’, ‘ಪಂಪಭಾರತ’. ಇಲ್ಲಿ ಗುರುತು ಉಳಿಯುವುದು ಒಂದೇ ಕಡೆ, ದೀರ್ಘದಲ್ಲಿ. ಪಂಪ ಎಂದು ಹ್ರಸ್ವವಿದ್ದರೆ ಕವಿಯ ಕಡೆ ನೋಡಿ. ಪಂಪಾ ಎಂದು ದೀರ್ಘವಿದ್ದರೆ ಊರು, ನದಿ, ದೇವಿಯ ಕಡೆ ನೋಡಿ. ಪಂಪಾಪತಿ, ಪಂಪಾಂಬಿಕೆ, ಪಂಪಾ ಸರೋವರ, ಎಲ್ಲಾ ದೀರ್ಘ.

ಎಡವುವ ಜಾಗ: ಟೈಪ್ ಮಾಡುವಾಗ ದೀರ್ಘ ಬಿಡುವುದು. ‘ಪಂಪ ಸರೋವರ’ ಎಂದು ಬರೆದರೆ ಕವಿಯ ಹೆಸರಿನ ಕೆರೆ ಎಂಬ ಅರ್ಥ ಬಂದುಬಿಡುತ್ತದೆ. ಒಂದು ದೀರ್ಘ ಬಿಟ್ಟದ್ದಕ್ಕೆ ಅರ್ಥವೇ ಬೇರೆ ಕಡೆ ಹೋಗುತ್ತದೆ. ದಯವಿಟ್ಟು ಇದನ್ನು ಸಣ್ಣ ವಿಷಯ ಎಂದುಕೊಳ್ಳಬೇಡಿ.

ಹಂತ 3: ಗುಂಪು ಮಾಡಿ

ಈಗ ಸಿಕ್ಕಿದ್ದನ್ನೆಲ್ಲ ಗುಂಪುಗಳಿಗೆ ಹಾಕಿ. ನೀರು ಮತ್ತು ನೆಲ, ದೇವರು, ಮನುಷ್ಯರು, ಕೃತಿಗಳು, ಗೌರವಕ್ಕೆ ಇಟ್ಟ ಹೆಸರುಗಳು, ಬರೀ ದನಿ ಹೋಲುವವು. ಆರು ಸಾಕು. ಯಾವ ಗುಂಪಿಗೂ ಸೇರದೆ ಉಳಿದದ್ದನ್ನು ಬಲವಂತವಾಗಿ ತುರುಕಬೇಡಿ. ಪಕ್ಕಕ್ಕಿಡಿ, ಮುಂದಿನ ಹಂತದಲ್ಲಿ ತಾನಾಗಿ ಜಾಗ ಸಿಗುತ್ತದೆ.

ಹಂತ 4: ಒಂದೊಂದಕ್ಕೂ ಒಂದು ಗುರುತಿನ ಸಾಲು

ಪ್ರತಿಯೊಂದಕ್ಕೂ ಮೂರು ಪ್ರಶ್ನೆ ಕೇಳಿ. ಯಾವಾಗ? ಎಲ್ಲಿ? ಏನಕ್ಕೆ ಹೆಸರಾದದ್ದು? ಮೂರಕ್ಕೂ ಉತ್ತರ ಒಂದೆರಡು ಸಾಲಿನಲ್ಲಿ ಬರೆಯಿರಿ. ಎರಡು ಹೆಸರುಗಳ ಮಧ್ಯೆ ಈ ಮೂರರಲ್ಲಿ ಎರಡು ಬೇರೆಯಾದರೂ ಅವು ಬೇರೆ ಬೇರೆ ಎಂದೇ ಇಟ್ಟುಕೊಂಡು ಮುಂದೆ ಹೋಗಿ.

ಕವಿ ಪಂಪ: 902ರಲ್ಲಿ ಹುಟ್ಟಿದವನು. ವೇಮುಲವಾಡದ ಚಾಳುಕ್ಯ ದೊರೆ ಇಮ್ಮಡಿ ಅರಿಕೇಸರಿಯ ಆಸ್ಥಾನದಲ್ಲಿದ್ದವನು. ‘ಆದಿಪುರಾಣ’ ಮತ್ತು ‘ವಿಕ್ರಮಾರ್ಜುನ ವಿಜಯ’ ಬರೆದವನು. ಆದಿಪುರಾಣ ಮುಗಿದದ್ದು 941ರಲ್ಲಿ.

ಹಂಪಿಯ ಪಂಪೆ: ತುಂಗಭದ್ರೆಗೂ ಅದರ ದಡದ ಕ್ಷೇತ್ರಕ್ಕೂ ಇದ್ದ ಹಳೆಯ ಹೆಸರು. ಹಂಪಿ ಈಗ ವಿಜಯನಗರ ಜಿಲ್ಲೆಯಲ್ಲಿದೆ. ಅಲ್ಲಿನ ವಿರೂಪಾಕ್ಷನೇ ಪಂಪಾಪತಿ. ಪಂಪಾ ಸರೋವರ ಇರುವುದು ಹೊಳೆಯ ಆಚೆ ದಡದಲ್ಲಿ, ಆನೆಗೊಂದಿಯ ಕಡೆ, ಕೊಪ್ಪಳ ಜಿಲ್ಲೆಯಲ್ಲಿ.

ಕೇರಳದ ಪಂಪಾ: 176 ಕಿಲೋಮೀಟರ್ ಉದ್ದದ ನದಿ. ಪೆರಿಯಾರ್ ಮತ್ತು ಭಾರತಪ್ಪುಳ ಬಿಟ್ಟರೆ ಆ ರಾಜ್ಯದಲ್ಲಿ ಇದೇ ಉದ್ದ. ಹರಿದು ಸೇರುವುದು ವೇಂಬನಾಡ್ ಸರೋವರವನ್ನು. ಆರನ್ಮುಳದ ದೋಣಿ ಸ್ಪರ್ಧೆ ನಡೆಯುವುದು ಈ ನದಿಯಲ್ಲೇ. ಶಬರಿಮಲೆ ಬೆಟ್ಟ ಹತ್ತಲು ಶುರು ಮಾಡುವ ಜಾಗಕ್ಕೂ ಪಂಪಾ ಎಂದೇ ಹೆಸರು. ನಮ್ಮ ಮಾಲಾಧಾರಿಗಳು ‘ಪಂಪಾ ತಲುಪಿದ್ವಿ’ ಎಂದು ಫೋನ್ ಮಾಡಿದರೆ ಅದು ಜಾಗ. ‘ಪಂಪಾ ಸ್ನಾನ ಆಯ್ತು’ ಎಂದರೆ ನದಿ.

ದಕ್ಷಿಣ ಅಮೆರಿಕದ ಪಂಪಾಸ್: ಅರ್ಜೆಂಟೀನ, ಉರುಗ್ವೆ ಮತ್ತು ಬ್ರೆಜಿಲ್‌ನ ತೆಂಕಣ ಭಾಗಕ್ಕೆ ಹರಡಿರುವ ಹುಲ್ಲುಗಾವಲು. ಅಲ್ಲಿನ ಕೆಚುವಾ ನುಡಿಯಲ್ಲಿ ಪಂಪ ಎಂದರೆ ಬಯಲು. ಅಮೆರಿಕದ ಟೆಕ್ಸಸ್‌ನಲ್ಲಿರುವ ಪಂಪ ಎಂಬ ಊರಿಗೂ ಆ ಬಯಲಿನಿಂದಲೇ ಹೆಸರು ಬಂದದ್ದು.

ಈ ಸಾಲುಗಳನ್ನು ಬರೆದ ಕೂಡಲೇ ಒಂದು ಪ್ರಶ್ನೆಗೆ ಉತ್ತರ ಸಿಕ್ಕಿತು ನೋಡಿ. ಕವಿ ಪಂಪನ ವಿಚಾರದಲ್ಲಿ ನಮಗೆ ಗೊತ್ತಿರುವ ಊರುಗಳು ಪೂರ್ವಿಕರ ವೆಂಗಿ ನಾಡು, ತಾಯಿಯ ಕಡೆಯ ಅಣ್ಣಿಗೇರಿ, ಅರಿಕೇಸರಿಯ ವೇಮುಲವಾಡ. ಜೊತೆಗೆ ಅವನು ಮನಸಾರೆ ಹಾಡಿದ ಬನವಾಸಿ. ಹಂಪಿ ಈ ಪಟ್ಟಿಯಲ್ಲಿ ಇಲ್ಲ. ಅವನ ತಮ್ಮ ಜಿನವಲ್ಲಭ ಬರೆಸಿದ ಕುರ್ಕ್ಯಾಲ ಶಾಸನ ಸಿಕ್ಕಿದ್ದೂ ತೆಲಂಗಾಣದ ಕರೀಂನಗರದ ಸೀಮೆಯಲ್ಲಿ. ಕನ್ನಡ, ತೆಲುಗು, ಸಂಸ್ಕೃತ ಮೂರೂ ಇರುವ ಶಾಸನ ಅದು. ಇನ್ನು ಹಂಪಿ ರಾಜಧಾನಿಯಾದದ್ದು 1336ರ ನಂತರ. ಆದಿಪುರಾಣಕ್ಕೂ ಅದಕ್ಕೂ ಹತ್ತಿರ ಹತ್ತಿರ 400 ವರ್ಷದ ಅಂತರ. ಪಂಪನನ್ನು ವಿಜಯನಗರದ ಕವಿ ಎಂದು ಬರೆದ ಚಾರ್ಟ್‌ಗಳನ್ನು ನಾನೇ ನೋಡಿದ್ದೇನೆ. ಪಾಪ, ಮಗುವಿನ ತಪ್ಪಲ್ಲ ಅದು. ಹೆಸರು ಹಾಗೆ ಎಳೆದುಕೊಂಡು ಹೋಗುತ್ತದೆ.

ಹಂತ 5: ಕೃತಿಯ ಹೆಸರನ್ನು ಒಡೆದು ನೋಡಿ

ಜಾಸ್ತಿ ಜನ ಬೀಳುವುದು ಇಲ್ಲೇ. ನಿಧಾನವಾಗಿ ಓದಿ.

‘ಪಂಪಭಾರತ’, ‘ಪಂಪರಾಮಾಯಣ’, ‘ಪಂಪಾಶತಕ’. ಮೂರೂ ಹಳೆಯ ಕನ್ನಡ ಕಾವ್ಯಗಳು. ಮೂರಕ್ಕೂ ಮೊದಲಲ್ಲಿ ಒಂದೇ ಹೆಸರು. ಮೂವರು ಬೇರೆ ಬೇರೆ ಕವಿಗಳು.

ಪಂಪಭಾರತ ಎಂದರೆ ಆದಿಕವಿ ಪಂಪ ಬರೆದ ಭಾರತ. ಕವಿ ಇಟ್ಟ ಹೆಸರು ‘ವಿಕ್ರಮಾರ್ಜುನ ವಿಜಯ’. ಅರ್ಜುನನ ಜೊತೆ ತನ್ನ ದೊರೆ ಅರಿಕೇಸರಿಯನ್ನು ಸೇರಿಸಿ ನೋಡಿದ ಕಾವ್ಯ. ಓದುವವರು ಬರೆದವನ ಹೆಸರಿನಿಂದ ಕರೆದರು, ಅದೇ ನಿಂತಿತು. ಇದನ್ನು ಓದಲು ಹೊರಟವರಿಗೆ ಡಿ.ಎಲ್. ನರಸಿಂಹಾಚಾರ್ ಅವರ ‘ಪಂಪಭಾರತ ದೀಪಿಕೆ’ ಪಕ್ಕದಲ್ಲಿರಬೇಕು.

ಪಂಪರಾಮಾಯಣ ಬರೆದದ್ದು ಆ ಪಂಪ ಅಲ್ಲ. ನಾಗಚಂದ್ರ. ಕಾಲ 1100ರ ಆಸುಪಾಸು, ಆದಿಕವಿಗಿಂತ ನೂರೈವತ್ತು ವರ್ಷದಷ್ಟು ಈಚೆ. ಅವನಿಗಿದ್ದ ಬಿರುದು ‘ಅಭಿನವ ಪಂಪ’, ಅಂದರೆ ಹೊಸ ಪಂಪ. ಕೃತಿಗೆ ಅವನಿಟ್ಟ ಹೆಸರು ‘ರಾಮಚಂದ್ರಚರಿತ ಪುರಾಣ’. ಬಿರುದಿನಿಂದ ‘ಅಭಿನವ’ ಉದುರಿಹೋಗಿ ಬರೀ ಪಂಪ ಉಳಿಯಿತು, ಗೊಂದಲ ಹುಟ್ಟಿತು. ಆದಿಕವಿ ಪಂಪ ರಾಮಾಯಣ ಬರೆದಿಲ್ಲ. ಇದೊಂದನ್ನು ದೊಡ್ಡ ಅಕ್ಷರದಲ್ಲಿ ಬರೆದಿಟ್ಟುಕೊಳ್ಳಿ.

ಪಂಪಾಶತಕದಲ್ಲಿ ಪಂಪ ಎಂಬ ಮನುಷ್ಯನೇ ಇಲ್ಲ. ಹಂಪೆಯ ವಿರೂಪಾಕ್ಷನ ಮೇಲೆ ಹರಿಹರ ಎಂಬ ಕವಿ ಬರೆದ ಶತಕ ಅದು. ಶತಕ ಎಂದರೆ ನೂರರಷ್ಟು ಪದ್ಯಗಳ ಸ್ತುತಿ. ದೀರ್ಘವನ್ನು ಗಮನಿಸಿ, ಪಂಪಾ. ಹಂತ 2 ಇಲ್ಲಿ ಕೈ ಹಿಡಿಯಿತು.

ಹೀಗೆ ಒಂದೇ ಪದ ಮೊದಲನೆಯದರಲ್ಲಿ ಬರೆದವನ ಹೆಸರು, ಎರಡನೆಯದರಲ್ಲಿ ಬರೆದವನ ಬಿರುದು, ಮೂರನೆಯದರಲ್ಲಿ ಕ್ಷೇತ್ರ. ನಮ್ಮ ಕಾವ್ಯಗಳ ಹೆಸರುಗಳೆಲ್ಲ ಹೀಗೇ. ‘ತೊರವೆ ರಾಮಾಯಣ’ದ ತೊರವೆ ಒಂದು ಊರು, ಬರೆದವನು ಕುಮಾರ ವಾಲ್ಮೀಕಿ. ‘ಜೈಮಿನಿ ಭಾರತ’ದ ಜೈಮಿನಿ ಮೂಲಕಥೆ ಹೇಳಿದ ಋಷಿ, ಕನ್ನಡದಲ್ಲಿ ಬರೆದವನು ಲಕ್ಷ್ಮೀಶ. ‘ಗದುಗಿನ ಭಾರತ’ ಮತ್ತು ‘ಕುಮಾರವ್ಯಾಸ ಭಾರತ’ ಎರಡೂ ಒಂದೇ ಕೃತಿ, ಒಮ್ಮೆ ಊರಿನಿಂದ ಕರೆದೆವು, ಒಮ್ಮೆ ಕವಿಯಿಂದ. ಹಾಗಾಗಿ ಕೃತಿಯ ಮೊದಲ ಪದ ನೋಡಿದ ಕೂಡಲೇ ‘ಇವನೇ ಬರೆದವನು’ ಎಂದು ಬರೆಯಬೇಡಿ. ಬರೆದವನೋ, ಬಿರುದೋ, ಊರೋ, ಮೂಲವೋ, ದೇವರೋ ಎಂದು ಕೇಳಿ, ಕವಿಚರಿತೆ ತೆಗೆದು ನೋಡಿ.

ನಮ್ಮ ಬಡಾವಣೆಯ ರಾಜ್ಯೋತ್ಸವದ ಕ್ವಿಜ್‌ನಲ್ಲಿ ಒಂದು ವರ್ಷ ಪ್ರಶ್ನೆ ಬರೆದವನು ನಾನು. ಪಂಪ ರಾಮಾಯಣ ಬರೆದವರು ಯಾರು ಎಂಬ ಪ್ರಶ್ನೆಗೆ ಉತ್ತರದ ಹಾಳೆಯಲ್ಲಿ ಆದಿಕವಿ ಪಂಪ ಎಂದು ಬರೆದಿದ್ದೆ. ಎಂಟನೇ ತರಗತಿಯ ಹುಡುಗಿಯೊಬ್ಬಳು ನಾಗಚಂದ್ರ ಎಂದಳು. ತಪ್ಪು ಎಂದುಬಿಟ್ಟೆ. ಮನೆಗೆ ಬಂದು ಪುಸ್ತಕ ನೋಡಿದ ಮೇಲೆ ಅವಳ ಮನೆ ಹುಡುಕಿಕೊಂಡು ಹೋಗಿ ತಪ್ಪು ನನ್ನದು ಎಂದು ಹೇಳಿ ಬಂದೆ. ಆ ಮುಖ ಇನ್ನೂ ಕಣ್ಣ ಮುಂದಿದೆ. ಅದಕ್ಕೇ ಈ ಹಂತವನ್ನು ಇಷ್ಟು ಒತ್ತಿ ಹೇಳುತ್ತಿರುವುದು.

ಬಿರುದಿನ ವಿಚಾರಕ್ಕೆ ಇನ್ನೊಂದು ಮಾತು. ‘ಅಭಿನವ’, ‘ಕುಮಾರ’, ‘ಇಮ್ಮಡಿ’ ಇಂಥವು ಹೆಸರಿನ ಅಲಂಕಾರವಲ್ಲ, ಅವೇ ಗುರುತು. ಅಭಿನವ ಕಾಳಿದಾಸ ಎಂದರೆ ಬಸವಪ್ಪ ಶಾಸ್ತ್ರಿಗಳು. ‘ಅಭಿನವ’ ತೆಗೆದರೆ ಹತ್ತೊಂಬತ್ತನೇ ಶತಮಾನದ ಮೈಸೂರಿನಿಂದ ನೇರ ಸಂಸ್ಕೃತದ ಮಹಾಕವಿಯ ಹತ್ತಿರ ಹೋಗಿಬಿಡುತ್ತೇವೆ.

ಬಿರುದೇ ಇಲ್ಲದೆ ಹೆಸರು ಪೂರ್ತಿ ಒಂದೇ ಆಗಿದ್ದರೆ? ಆಗ ಕೃತಿಯೇ ಗುರುತು. ‘ಛಂದೋಂಬುಧಿ’ ಬರೆದ ನಾಗವರ್ಮ ಹತ್ತನೇ ಶತಮಾನದವನು. ‘ಕಾವ್ಯಾವಲೋಕನ’ ಬರೆದ ನಾಗವರ್ಮ ಹನ್ನೆರಡನೇ ಶತಮಾನದವನು. ಶ್ರವಣಬೆಳಗೊಳದಲ್ಲಿ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯ ಬೇರೆ, 1025ರ ‘ಲೋಕೋಪಕಾರ’ ಬರೆದ ಚಾವುಂಡರಾಯ ಬೇರೆ. ಹೊಸಬರಲ್ಲಿ ಇನಿಷಿಯಲ್ ಕಾಪಾಡುತ್ತದೆ. ಆರ್. ನರಸಿಂಹಾಚಾರ್ಯ, ಡಿ.ಎಲ್. ನರಸಿಂಹಾಚಾರ್, ಪು.ತಿ. ನರಸಿಂಹಾಚಾರ್. ಈ ಮೂವರಲ್ಲಿ ಇನಿಷಿಯಲ್ ಬಿಟ್ಟರೆ ಕವಿಚರಿತೆಯೂ, ದೀಪಿಕೆಯೂ, ಪುತಿನ ಕವಿತೆಗಳೂ ಒಬ್ಬರ ತಲೆಗೇ ಬರುತ್ತವೆ. ಸಿನಿಮಾಗಳಿಗಾದರೆ ವರ್ಷ ಬರೆಯಿರಿ, ಸಾಕು. ‘ಗಂಧದ ಗುಡಿ’ 1973ರದ್ದು ಡಾ. ರಾಜ್‌ಕುಮಾರ್ ಅವರದು, 2022ರದ್ದು ಪುನೀತ್ ಅವರದು.

ಹಂತ 6: ಸಂಬಂಧವನ್ನು ಮೂರು ಬಗೆಯಲ್ಲಿ ಗುರುತು ಮಾಡಿ

ಈಗ ಎಲ್ಲವೂ ಬೇರೆ ಬೇರೆಯಾಗಿ ಕೂತಿವೆ. ಯಾವುದಕ್ಕೂ ಯಾವುದಕ್ಕೂ ನಂಟಿದೆ ಎಂದು ನೋಡುವ ಸಮಯ. ನಾನು ಮೂರು ಗುರುತು ಇಟ್ಟುಕೊಂಡಿದ್ದೇನೆ. ಬಳ್ಳಿ, ಋಣ, ಕಾಕತಾಳೀಯ.

ಬಳ್ಳಿ ಎಂದರೆ ಒಂದೇ ಬೇರಿನಿಂದ ಹಬ್ಬಿದ ಹೆಸರುಗಳು. ಪಂಪೆ, ಹಂಪೆ, ಪಂಪಾಪತಿ, ಪಂಪಾಂಬಿಕೆ. ಬಳ್ಳಾರಿ, ಕೊಪ್ಪಳದ ಕಡೆ ಮನೆಮನೆಯಲ್ಲಿ ಕಾಣುವ ಪಂಪಾಪತಿ ಎಂಬ ಹೆಸರೂ ಇದೇ ಬಳ್ಳಿಯದು.

ಋಣ ಎಂದರೆ ಒಬ್ಬರ ನೆನಪಿಗಾಗಿ ಇಟ್ಟ ಹೆಸರು. ಕರ್ನಾಟಕ ಸರ್ಕಾರದ ಪಂಪ ಪ್ರಶಸ್ತಿ ಶುರುವಾದದ್ದು 1987ರಲ್ಲಿ. ಮೊದಲು ಪಡೆದವರು ಕುವೆಂಪು. ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಇರುವ ರಸ್ತೆಗೆ ಪಂಪ ಮಹಾಕವಿ ರಸ್ತೆ ಎಂದು ಹೆಸರು. ನಾಗಚಂದ್ರನ ಬಿರುದೂ ಋಣವೇ.

ಕಾಕತಾಳೀಯ ಎಂದರೆ ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು ಅನ್ನುತ್ತೇವಲ್ಲ, ಅದು. ಅರ್ಜೆಂಟೀನದ ಬಯಲು, ತೋಟದ ಪಂಪು, ನಮ್ಮ ಆದಿಕವಿ. ದನಿ ಒಂದೇ, ಅಷ್ಟೇ. ಕೆಚುವಾ ನುಡಿಗೂ ಕನ್ನಡಕ್ಕೂ ನಂಟು ಕಟ್ಟುವ ಬರಹಗಳು ಓಡಾಡುತ್ತಿರುತ್ತವೆ. ಒಂದು ಪದ ಹೋಲಿದ್ದನ್ನೇ ಆಧಾರ ಎಂದು ಒಪ್ಪಬೇಡಿ.

ಕೇರಳದ ಪಂಪೆ ಮತ್ತು ನಮ್ಮ ಪಂಪೆಯನ್ನು ಎಲ್ಲಿಡುವುದು? ಇದು ಸ್ವಲ್ಪ ಸೂಕ್ಷ್ಮ. ವಾಲ್ಮೀಕಿ ರಾಮಾಯಣದ ಕಿಷ್ಕಿಂಧಾ ಕಾಂಡ ಶುರುವಾಗುವುದೇ ಪಂಪೆಯ ದಡದಲ್ಲಿ. ಸೀತೆಯನ್ನು ಹುಡುಕುತ್ತಾ ಬಂದ ರಾಮ ಆ ನೀರು, ಆ ವಸಂತ ನೋಡಿ ಕಣ್ಣೀರಿಡುತ್ತಾನೆ. ಆ ಪಂಪೆ ಆನೆಗೊಂದಿಯದು ಎಂದು ಇಲ್ಲಿಯ ಜನ ನಂಬುತ್ತಾರೆ, ಸರೋವರದ ಹತ್ತಿರವೇ ಶಬರಿಯ ಗುಹೆ ತೋರಿಸುತ್ತಾರೆ. ಶಬರಿಮಲೆಯವರು ತಮ್ಮ ನದಿಯನ್ನೂ ತಮ್ಮ ಬೆಟ್ಟದ ಹೆಸರನ್ನೂ ಅದೇ ಕಥೆಗೆ ಸೇರಿಸುತ್ತಾರೆ. ಒಂದೇ ಕಥೆಯನ್ನು ಎರಡು ನಾಡುಗಳು ತಮ್ಮ ತಮ್ಮ ನೆಲದಲ್ಲಿ ಕಂಡಿವೆ. ನೀವು ಬರೆಯುವಾಗ ಒಂದನ್ನು ಸುಳ್ಳು ಮಾಡಬೇಡಿ. ‘ಇಲ್ಲಿಯ ನಂಬಿಕೆ ಹೀಗೆ, ಅಲ್ಲಿಯ ನಂಬಿಕೆ ಹಾಗೆ’ ಎಂದು ಎರಡನ್ನೂ ಇಡಿ. ಆದರೆ ನಕ್ಷೆಯ ವಿಚಾರದಲ್ಲಿ ಎರಡು ಬೇರೆ ಎಂಬುದು ಖಚಿತವಾಗಿ ಬರಲಿ. ಒಂದು ಸರೋವರ, ಒಂದು ನದಿ. ಎರಡು ರಾಜ್ಯ.

ಹಂತ 7: ಊರಾದರೆ ತಾಲ್ಲೂಕು, ಜಿಲ್ಲೆ, ಪಿನ್‌ಕೋಡ್

ಊರಿನ ಹೆಸರಲ್ಲಿ ತಪ್ಪಿದರೆ ಬರಹ ಮಾತ್ರ ಕೆಡುವುದಿಲ್ಲ, ಪಾರ್ಸೆಲ್ಲೂ ತಪ್ಪು ಕಡೆ ಹೋಗುತ್ತದೆ. ವಿಜಯಪುರವನ್ನೇ ತೆಗೆದುಕೊಳ್ಳಿ. ಗೋಳಗುಮ್ಮಟದ ಊರು ಬಿಜಾಪುರ 2014ರ ನವೆಂಬರ್ 1ರಿಂದ ಅಧಿಕೃತವಾಗಿ ವಿಜಯಪುರ. ಆದರೆ ಬೆಂಗಳೂರಿನ ಹತ್ತಿರದ ದೇವನಹಳ್ಳಿ ತಾಲ್ಲೂಕಿನಲ್ಲಿ ವಿಜಯಪುರ ಎಂಬ ಪಟ್ಟಣ ಮೊದಲಿಂದಲೂ ಇದೆ. ಗುಮ್ಮಟದ ವಿಜಯಪುರದ ಪಿನ್‌ಕೋಡ್ 586ರಿಂದ ಶುರು, ದೇವನಹಳ್ಳಿ ಕಡೆಯದು 562ರಿಂದ.

ಬಿಜಾಪುರ ಎಂಬ ಹೆಸರೂ ಮಾಯವಾಗಿಲ್ಲ. ಛತ್ತೀಸಗಢದಲ್ಲಿ ಬಿಜಾಪುರ ಎಂಬ ಜಿಲ್ಲೆಯೇ ಇದೆ. ‘ಬಿಜಾಪುರದಲ್ಲಿ ನಕ್ಸಲರ ಜೊತೆ ಗುಂಡಿನ ಚಕಮಕಿ’ ಎಂಬ ಸುದ್ದಿ ಓದಿ ನಮ್ಮ ವಿಜಯಪುರದ ನೆಂಟರಿಗೆ ಫೋನ್ ಮಾಡಿದವರು ಬೇಕಾದಷ್ಟು ಜನ. ಬೇಲೂರೂ ಹಾಗೆ. ಹಾಸನ ಜಿಲ್ಲೆಯದು ಚೆನ್ನಕೇಶವನ ಊರು, ಬಂಗಾಳದ ಹೌರಾದ ಬೇಲೂರು ರಾಮಕೃಷ್ಣ ಮಠ ಇರುವ ಊರು. ‘ಬೇಲೂರು ಮಠ’ ಎಂದು ಕಂಡರೆ ಹಾಸನದ ಬಸ್ ಹತ್ತಬೇಡಿ.

ನೆನಪಿಡಬೇಕಾದದ್ದು ಇಷ್ಟು. ಹಳೆಯ ದಾಖಲೆಯಲ್ಲಿ ಹಳೆಯ ಹೆಸರನ್ನೇ ಉಳಿಸಿ, ಪಕ್ಕದಲ್ಲಿ ‘ಈಗಿನ ವಿಜಯಪುರ’ ಎಂದು ಸೇರಿಸಿ. ಜಿಲ್ಲೆಗಳೂ ಬದಲಾಗುತ್ತವೆ. ಹಂಪಿ ಬಳ್ಳಾರಿ ಜಿಲ್ಲೆಯಲ್ಲಿದೆ ಎಂದು ಹಳೆಯ ಪುಸ್ತಕದಲ್ಲಿದ್ದರೆ ಅದು ತಪ್ಪಲ್ಲ, ಆ ಕಾಲಕ್ಕೆ ಸರಿ. ವಿಜಯನಗರ ಜಿಲ್ಲೆ ಆದದ್ದು 2021ರಲ್ಲಿ.

ಹಂತ 8: ಬರೆಯುವುದು

ಲೇಖನದಲ್ಲಿ ಮೊದಲ ಸಲ ಹೆಸರು ಬಂದಾಗ ಪೂರ್ತಿ ಗುರುತು ಕೊಡಿ. ‘ಆದಿಕವಿ ಪಂಪ’, ‘ಕೇರಳದ ಪಂಪಾ ನದಿ’, ‘ಆನೆಗೊಂದಿಯ ಪಂಪಾ ಸರೋವರ’. ಆಮೇಲೆ ಬರೀ ಹೆಸರು ಸಾಕು. ಒಂದೇ ಪ್ಯಾರಾದಲ್ಲಿ ಎರಡು ಪಂಪ ಬಂದರೆ ಮಾತ್ರ ಪ್ರತಿ ಸಲವೂ ಗುರುತು ಸೇರಿಸಿ. ಓದಲು ಸ್ವಲ್ಪ ಭಾರ ಅನ್ನಿಸಿದರೂ ಪರವಾಗಿಲ್ಲ.

ಕನ್ನಡ ವಿಕಿಪೀಡಿಯದಲ್ಲಿ ಒಂದೇ ಹೆಸರಿನ ಹಲವು ಪುಟಗಳಿಗೆ ದಾರಿ ತೋರಿಸುವ ಪುಟವನ್ನು ‘ದ್ವಂದ್ವ ನಿವಾರಣೆ’ ಎನ್ನುತ್ತಾರೆ. ಅಂಥ ಪುಟ ಮಾಡುವವರು ನೀವಾದರೆ ಹಂತ 4ರ ಸಾಲುಗಳನ್ನೇ ಇನ್ನಷ್ಟು ಚಿಕ್ಕದು ಮಾಡಿ, ಒಂದೊಂದು ಹೆಸರಿಗೆ ಒಂದೇ ಸಾಲು ಬರೆಯಿರಿ. ಪುಟಗಳ ಹೆಸರಿಗೆ ‘ಪಂಪ (ಕವಿ)’ ಎಂಬಂತೆ ಆವರಣದಲ್ಲಿ ಬಗೆ ಸೇರಿಸಿ. ‘ಪಂಪ 1’, ‘ಪಂಪ 2’ ಎಂದು ಸಂಖ್ಯೆ ಹಾಕಬೇಡಿ, ಓದುವವರಿಗೆ ಯಾವುದು ಯಾವುದೆಂದು ತಿಳಿಯುವುದಿಲ್ಲ. ಕನ್ನಡಿಗರು ಜಾಸ್ತಿ ಹುಡುಕುವ ಅರ್ಥ ಮೇಲಿರಲಿ, ಟೆಕ್ಸಸ್‌ನ ಊರು ಕೆಳಗಿರಲಿ. ಕಥೆ, ಹೊಗಳಿಕೆ, ಚಿತ್ರ ಏನೂ ಇಲ್ಲಿ ಬೇಡ. ಅವೆಲ್ಲ ಆಯಾ ಪುಟದಲ್ಲಿ.

ಚಾರ್ಟ್ ಮಾಡುವ ಮಕ್ಕಳಿಗೆ ಒಂದು ಎಚ್ಚರಿಕೆ ಹೇಳಿ. ಹೆಸರು ಹಾಕಿ ಹುಡುಕಿದಾಗ ಮೊದಲು ಬಂದ ಚಿತ್ರವನ್ನು ಅಂಟಿಸಬಾರದು. ಆದಿಕವಿಯ ಪಕ್ಕ ಕೇರಳದ ನದಿಯ ಚಿತ್ರ ಬರುವುದು ಹೀಗೆಯೇ. ಚಿತ್ರದ ಕೆಳಗೆ ಏನು ಬರೆದಿದೆ ಎಂದು ಓದಿ, ಅದು ನಿಮ್ಮ ಗುರುತಿನ ಸಾಲಿಗೆ ಹೊಂದುತ್ತದೆಯೇ ನೋಡಿ, ಆಮೇಲೆ ಅಂಟಿಸಿ.

ನೀವೇ ಮಾಡಿ ನೋಡಿ: ಹರಿಹರ

ಪಂಪನನ್ನು ಬಿಡಿಸಿಯಾಯಿತು. ಈಗ ಹರಿಹರವನ್ನು ನಿಮಗೆ ಬಿಡುತ್ತೇನೆ. ದೇವರಿದ್ದಾನೆ, ಅರ್ಧ ಹರಿ, ಅರ್ಧ ಹರ. ದಾವಣಗೆರೆ ಜಿಲ್ಲೆಯಲ್ಲಿ ತುಂಗಭದ್ರೆಯ ದಡದ ಊರಿದೆ. ಬುಕ್ಕನ ಅಣ್ಣ, ವಿಜಯನಗರದ ಮೊದಲ ದೊರೆ ಇದ್ದಾನೆ. ಅದೇ ವಂಶದಲ್ಲಿ ಇಮ್ಮಡಿ ಹರಿಹರನೂ ಇದ್ದಾನೆ. ‘ಗಿರಿಜಾ ಕಲ್ಯಾಣ’ ಮತ್ತು ರಗಳೆಗಳ ಕವಿ ಇದ್ದಾನೆ. ಚಿಕ್ಕಮಗಳೂರಿನ ಕಡೆ ಹರಿಹರಪುರವಿದೆ. ಮಹಾರಾಷ್ಟ್ರದ ನಾಸಿಕದ ಕಡೆ, ನೆಟ್ಟಗೆ ನಿಂತ ಮೆಟ್ಟಿಲುಗಳ ಹರಿಹರ ಕೋಟೆಯಿದೆ.

ಶುರು ವಿಭಕ್ತಿಯಿಂದಲೇ ಮಾಡಿ. ‘ಹರಿಹರಕ್ಕೆ ಹೋದೆ’ ಮತ್ತು ‘ಹರಿಹರನಿಗೆ ಕೈಮುಗಿದೆ’. ಊರು ಬೇರೆಯಾಯಿತು. ದೇವರು, ದೊರೆ, ಕವಿ ಮೂವರಿಗೂ ವಿಭಕ್ತಿ ಒಂದೇ, ಅಲ್ಲಿ ಕಾಲವನ್ನು ಕೇಳಬೇಕು. ಒಂದು ಸುಳಿವು ಕೊಡುತ್ತೇನೆ. ಕವಿ ಹರಿಹರನೂ ಹಂಪಿಯಲ್ಲಿದ್ದವನು, ದೊರೆ ಹರಿಹರ ರಾಜ್ಯ ಕಟ್ಟಿದ್ದೂ ಅಲ್ಲೇ. ಊರು ಒಂದೇ, ಹೆಸರು ಒಂದೇ, ಆದರೂ ಇಬ್ಬರು ಬೇರೆ. ಕವಿಯ ಕಾಲ 1200ರ ಆಸುಪಾಸು, ದೊರೆಯದು 1336. ಹಂತ 5ರಲ್ಲಿ ಬಂದ ಪಂಪಾಶತಕವನ್ನು ಇವರಿಬ್ಬರಲ್ಲಿ ಯಾರ ಸಾಲಿನಲ್ಲಿ ಬರೆಯುತ್ತೀರಿ, ನೋಡಿ.